ಲೆಕ್ಕಕ್ಕೆ ಸಿಕ್ಕ ಮಗ

ಡುಬ್ಯೂಕ್
ಫೆಬ್ರುವರಿ ೯, ಭಾನುವಾರ

ಪ್ರೀತಿಯ ಹಾರ್ಲನ್‌ಗೆ,

‘ಪ್ರೀತಿಯ’ ಅಂತ ಕೈ ತಾನಾಗಿ ಬರೆಯಿತು, ಇಷ್ಟು ವರ್ಷದ ಅಭ್ಯಾಸ. ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡ.

ನಿನ್ನ ಪತ್ರ ಬಂತು. ಎರಡೂ ಪುಟದಲ್ಲಿ ದೇಶದ ಅಧ್ಯಕ್ಷರೇ ತುಂಬಿದ್ದಾರೆ. ಮೊದಲ ಅವಧಿಯಲ್ಲಿ ಏನೇನು ಮಾಡಿದರು, ಸ್ವಂತ ಪಕ್ಷದವರೇ ಹೇಗೆ ಬೆನ್ನಿಗೆ ಚೂರಿ ಹಾಕುತ್ತಿದ್ದಾರೆ, ನಮ್ಮ ಊರಿನ ಸಭೆಯಲ್ಲಿ ನೀನು ಹೇಗೆ ಅವರ ಮಾನ ಉಳಿಸಿದೆ, ಎಲ್ಲ ಇದೆ. ಮಗ ಹೇಗಿದ್ದಾನೆ ಎಂಬುದು ಕೊನೆಯ ಸಾಲಿನಲ್ಲಿ. ಅದೂ ಯಾಕೆ? ಮುಂದಿನ ತಿಂಗಳ ಪಕ್ಷದ ಜಿಲ್ಲಾ ಸಭೆಗೆ ಅವನ ಹೆಸರನ್ನು ಪ್ರತಿನಿಧಿ ಎಂದು ಬರೆಸಿಬಿಟ್ಟಿದ್ದೀಯಂತೆ, ಅಷ್ಟರೊಳಗೆ ನಾವಿಬ್ಬರೂ ಮನೆಗೆ ಬರಬೇಕಂತೆ. ಅವನನ್ನು ಒಂದು ಮಾತು ಕೇಳಿದ್ದೆಯಾ?

ರಸೆಲ್ ಹೇಗಿದ್ದಾನೆ ಅಂದರೆ, ನನ್ನ ತಂಗಿ ನಡೀನಳ ಹೊಲಿಗೆ ಕೋಣೆಯಲ್ಲಿ ಬಾಗಿಲು ತೆಗೆದಿಟ್ಟುಕೊಂಡು ಮಲಗುತ್ತಾನೆ. ಬೆಳಿಗ್ಗೆ ಮೊಟ್ಟೆ ತಿನ್ನುತ್ತಾನೆ. ನಿನ್ನೆ ಅವಳ ಜೊತೆ ನದಿಯವರೆಗೆ ನಡೆದು, ಹೆಪ್ಪುಗಟ್ಟಿದ ನೀರಿನ ಮೇಲೆ ಮೀನು ಹಿಡಿಯುವವರನ್ನು ನೋಡಿ ಬಂದ. ಪಾತ್ರೆ ಬಿದ್ದರೆ ಈಗಲೂ ಗೋಡೆಗೆ ಅಂಟಿಕೊಳ್ಳುತ್ತಾನೆ.

ಇಲ್ಲಿ ಸುಖವಾಗಿದ್ದೇವೆ ಅಂದುಕೊಳ್ಳಬೇಡ. ನಡೀನಳ ಗಂಡ ಗೋರ್ಡನ್ ಎದುರು ಪಕ್ಷದವನು, ನಿನಗೆ ಗೊತ್ತೇ ಇದೆ. ಬಂದ ದಿನವೇ ಊಟದ ಮೇಜಿನಲ್ಲಿ ಅಧ್ಯಕ್ಷರ ಜಾತಕ ಬಿಚ್ಚಿದ. ಯುದ್ಧದಿಂದ ಬಾಲ ಮುದುರಿ ಓಡಿಬಂದ ಹೇಡಿ, ದೇಶದ ಮಾನ ಕಳೆದ, ಹೀಗೆ ನಡೆದಿತ್ತು. ಹಾಗೆ ಓಡಿಬಂದ ಸೈನಿಕರಲ್ಲಿ ಒಬ್ಬ, ನಮ್ಮ ರಸೆಲ್, ಎದುರಿಗೇ ಆಲೂಗಡ್ಡೆ ತಿನ್ನುತ್ತಿದ್ದಾನೆ ಎಂಬ ಪರಿವೆಯೂ ಅವನಿಗಿರಲಿಲ್ಲ. ಮೇಲಿಂದ, ಗುರುವಾರ ಅವರ ಪಕ್ಷದ ಸಂಘದ ಸಭೆಗೆ ರಸೆಲ್ ಬರಬೇಕಂತೆ.

“ಮಾತಾಡೋದೂ ಬೇಡ ಲೋಯಿಸ್, ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು. ಅವನ್ನ ನೋಡಿದ್ರೇ ಜನಕ್ಕೆ ಅರ್ಥ ಆಗುತ್ತೆ,” ಅಂದ.

ನನ್ನ ಮಗ ಚುನಾವಣೆಗೆ ಅಂಗಳದಲ್ಲಿ ನೆಡುವ ಬೋರ್ಡ್ ಅಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಹೇಳುತ್ತಿದ್ದಂತೆ ನೀನು ನೆನಪಾದೆ.

ಅಧ್ಯಕ್ಷರ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ. ಹುಡುಗರನ್ನು ಮನೆಗೆ ಕರೆಸುತ್ತೇನೆ ಅಂದಿದ್ದರು, ಕರೆಸಿದರು. ಎಷ್ಟೋ ತಾಯಂದಿರು ಅದಕ್ಕೆ ಋಣಿಗಳು, ನಾನೂ ಒಬ್ಬಳು. ಗೋರ್ಡನ್‌ಗೆ ಅದನ್ನು ಹೇಳಿದ್ದೇನೆ. ಕರೆಸಿದ ಮೇಲೆ ಆ ಹುಡುಗರನ್ನು ತಿರುಗಿ ನೋಡಲಿಲ್ಲ. ಸೈನಿಕರ ಆಸ್ಪತ್ರೆಗೆ ಫೋನ್ ಮಾಡಿದಾಗಲೆಲ್ಲ ಮನಸ್ಸಿನ ಡಾಕ್ಟರಿಲ್ಲ, ಚಳಿಗಾಲ ಕಳೆಯಲಿ, ಬೇಸಿಗೆ ಕಳೆಯಲಿ ಅನ್ನುತ್ತಿದ್ದರು. ಅದನ್ನು ನಿನಗೆ ಹೇಳುತ್ತಿದ್ದೇನೆ. ಎರಡೂ ನಿಜ, ಹಾರ್ಲನ್. ನೀವು ಗಂಡಸರು ತಲೆಗೊಂದು ನಿಜ ಹಂಚಿಕೊಂಡು ಬಡಿದಾಡುತ್ತೀರಿ.

ಚೀಟಿ ಬರೆದು ಮಡಚಿ ಹಾಕುವ ಪದ್ಧತಿ ನಮ್ಮಲ್ಲಿದ್ದಿದ್ದರೆ ಆ ಸೋಮವಾರ ಸಂಜೆ ಅಷ್ಟು ಕೆಡುತ್ತಿರಲಿಲ್ಲ. ನಮ್ಮದು ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಶಾಲೆಯ ಜಿಮ್ಮಿನಲ್ಲಿ ಇಡೀ ಊರಿನ ಕಣ್ಣೆದುರು ತಮ್ಮವರ ಮೂಲೆಗೆ ಹೋಗಿ ನಿಂತು, ತಲೆ ಎಣಿಸಿ ತೀರ್ಮಾನಿಸುವ ಸಭೆ. ಎಷ್ಟೋ ತಿಂಗಳ ಮೇಲೆ ರಸೆಲ್ ನೆಲಮಾಳಿಗೆ ಬಿಟ್ಟು ಹೊರಗೆ ಬಂದಿದ್ದ. ತಾನೇ ಶರ್ಟಿಗೆ ಇಸ್ತ್ರಿ ಹಾಕಿಕೊಂಡಿದ್ದ. ಆ ಗದ್ದಲದಲ್ಲಿ ಒಂದು ಬಟ್ಟಲು ಮಾಂಸ-ಬೀನ್ಸಿನ ಚಿಲ್ಲಿ ಸಾರನ್ನೂ ದಾಲ್ಚಿನ್ನಿ ಬನ್ನನ್ನೂ ತಿಂದ. ನನಗೆ ಅಷ್ಟೇ ಹಬ್ಬವಾಗಿತ್ತು.

ನೀನು ಎದ್ದು ನಿಂತು ಅಧ್ಯಕ್ಷರ ಪರ ಮಾತಾಡುತ್ತ ಅವನತ್ತ ಬೆರಳು ತೋರಿಸಿದೆ. ನೋಡಿ, ನನ್ನ ಮಗ ಜೀವಂತ ಕೂತಿದ್ದಾನೆ, ಇದಕ್ಕಿಂತ ಸಾಧನೆ ಬೇಕಾ ಅಂದೆ. ಲೈಲ್ ಬಿಡುತ್ತಾನಾ? ನಮ್ಮದೇ ಪಕ್ಷದಲ್ಲಿ ಈ ಅಧ್ಯಕ್ಷರು ಬೇಡ ಅನ್ನುವ ಎದುರು ಮೂಲೆಯ ಮುಖಂಡ ಅವನು.

“ಬಂದೋನು ನೆಲಮಾಳಿಗೆ ಬಿಟ್ಟು ಮೇಲಕ್ಕೇ ಬರಲ್ವಲ್ಲ ಹಾರ್ಲನ್. ಅದನ್ನೂ ನಿನ್ನ ಅಧ್ಯಕ್ಷರ ಸಾಧನೆಗೇ ಸೇರಿಸ್ಕೋ,” ಅಂದ.

ನಕ್ಕವರು ನಕ್ಕರು. ರಸೆಲ್ ಬನ್ನನ್ನು ಅಲ್ಲೇ ಇಟ್ಟು ನಮ್ಮ ಟ್ರಕ್ಕಿಗೆ ಹೋಗಿ ಕೂತ. ನಾನು ಹಿಂದೆ ಹೋಗಬೇಕೆಂದಿದ್ದೆ. ಎಣಿಕೆ ಮುಗಿಯುವವರೆಗೆ ಮೂಲೆ ಬಿಡಬೇಡ ಅಂತ ನನ್ನ ತೋಳು ಹಿಡಿದವನು ನೀನು. ಎಣಿಸಿದರೆ ಎರಡೂ ಮೂಲೆ ಸಮ. ಆಗ ನೀನೇ ಹೊರಗೆ ಓಡಿದೆ. ದೇವರೇ, ಕೊನೆಗೂ ಮಗ ಕಣ್ಣಿಗೆ ಬಿದ್ದ ಅಂದುಕೊಂಡೆ. ನೀನು ಅವನ ತೋಳು ಹಿಡಿದು ಕರೆತಂದು ಸಾಲಿನ ತುದಿಯಲ್ಲಿ ನಿಲ್ಲಿಸಿ, ಈಗ ಎಣಿಸಿ ಅಂದೆ.

ಗೆದ್ದಿರಿ. ಬೆಂಚು ಬಡಿದಿರಿ, ಸೀಟಿ ಹೊಡೆದಿರಿ. ರಸೆಲ್ ಎರಡೂ ಕಿವಿ ಮುಚ್ಚಿಕೊಂಡು ಬ್ಯಾಸ್ಕೆಟ್‌ಬಾಲ್ ಕಂಬದ ಬುಡದಲ್ಲಿ ಕುಸಿದ. ನಾನು ನಿನ್ನ ಹೆಸರು ಹಿಡಿದು ಕೂಗಿದೆ. ನೀನು ಜನರ ಕೈ ಕುಲುಕುತ್ತಿದ್ದೆ, ತಿರುಗಿ ನೋಡಿ ಒಂದು ನಿಮಿಷ ಅಂತ ಬೆರಳೆತ್ತಿದೆ.

ಆ ಬೆರಳನ್ನು ನಾನು ಕ್ಷಮಿಸಲಾರೆ. ಲೈಲ್ ಓಡಿಬಂದ, ಅವನ ಹೆಂಡತಿ ಕೋಟು ಹೊದಿಸಿದಳು. ನಿನ್ನ ಮಗನನ್ನು ಟ್ರಕ್ಕಿಗೆ ಮುಟ್ಟಿಸಿದವರು ಸೋತವರು.

ಅವನ ಹೆಸರನ್ನು ಪಟ್ಟಿಯಿಂದ ತೆಗೆಸು. ನಿನ್ನ ಅಧ್ಯಕ್ಷರು ಗೆಲ್ಲಲಿ ಸೋಲಲಿ, ಅವನ ಕಥೆಯನ್ನು ಯಾವ ಸಭೆಯಲ್ಲೂ ಎತ್ತುವುದಿಲ್ಲ ಅಂತ ಬರೆದು ಕಳಿಸು. ಅಲ್ಲಿಯವರೆಗೆ ನಾವು ಬರುವುದಿಲ್ಲ. ನಿನ್ನ ಬಿ.ಪಿ. ಮಾತ್ರೆ ಸ್ನಾನದ ಮನೆಯ ಕಪಾಟಿನಲ್ಲಿದೆ, ತಪ್ಪಿಸಬೇಡ.

ಇನ್ನೂ ನಿನ್ನ ಹೆಂಡತಿಯೇ ಆದ,
ಲೋಯಿಸ್

ಮತ್ತೊಂದು ಮಾತು: ಇದನ್ನು ನಿನಗೆ ಹೇಳಬೇಡ ಅಂತ ರಸೆಲ್ ಅಂದಿದ್ದ, ಆದರೂ ಹೇಳುತ್ತೇನೆ. ಆ ಸಂಜೆ ಇಸ್ತ್ರಿ ಹಾಕುತ್ತಾ ಅವನು ನನಗೆ ತಿಳಿಸಿದ್ದ, ತಾನು ನಿಲ್ಲುವುದು ಲೈಲ್‌ನ ಮೂಲೆಯಲ್ಲಿ ಅಂತ. ಅಧ್ಯಕ್ಷರು ತನ್ನನ್ನು ಕರೆಸಿ ಬಾಗಿಲಲ್ಲೇ ಬಿಟ್ಟರು, ಮತ್ತೆ ಅವರ ಪರ ನಿಲ್ಲಲಾರೆ ಅಂದಿದ್ದ. ಟ್ರಕ್ಕಿನಲ್ಲಿ ಅವನು ಕೇಳಿದ್ದು ಒಂದೇ ಮಾತಂತೆ, “ಸೋತ್ರೆ ನಿಂಗೆ ತುಂಬಾ ಬೇಜಾರಾಗುತ್ತಾ ಅಪ್ಪಾ?” ಹೂಂ ಅಂದೆಯಂತೆ. ಅದಕ್ಕೇ ಎದ್ದು ಬಂದು ನಿನ್ನ ಸಾಲಿನಲ್ಲಿ ನಿಂತ.