ಬಾಣಂತನ ಯಾರು ಮಾಡುತ್ತಾರೆಂದು ನೀವು ಕೇಳಲಿಲ್ಲ

ನಗರದ ತಾಯಿ-ಮಕ್ಕಳ ಆರೋಗ್ಯ ವಿಭಾಗದ ಮುಖ್ಯ ಅಧಿಕಾರಿಗಳಿಗೆ,
ಪುಣೆ

ಮಾನ್ಯರೇ,

ನನ್ನ ಅವ್ವನನ್ನು ನೀವು ಎರಡು ಸಲ ಬಾಗಿಲ ಹೊರಗೆ ಕೂರಿಸಿದ್ದೀರಿ. ಮೊದಲ ಸಲ ಕೂರಿಸಿದ್ದಕ್ಕೆ ನಾನು ಸಾವಿನ ಹೊಸ್ತಿಲು ಮುಟ್ಟಿ ಬಂದೆ. ಎರಡನೆಯ ಸಲ ಕೂರಿಸಿದ್ದಕ್ಕೆ ನನ್ನ ತಂಗಿ ಇಂದೂಗೆ ಏನಾದೀತೋ ಎಂಬ ಹೆದರಿಕೆಯಲ್ಲಿ ಈ ಪತ್ರ. ರಾತ್ರಿ ಕೂಸು ಮಲಗಿದ ಮೇಲೆ ಫೋನಿಗೆ ತುಂಡು ತುಂಡಾಗಿ ಹೇಳಿದ್ದನ್ನು ಗೆಳತಿ ಹರ್ಷಾ ಬರೆದುಕೊಟ್ಟಿದ್ದಾಳೆ. ಎಲ್ಲಾದರೂ ಮಾತು ಜಿಗಿದಿದ್ದರೆ, ಅಲ್ಲಿ ಕೂಸು ಎದ್ದಿತ್ತು ಎಂದು ತಿಳಿಯಿರಿ. ಕನ್ನಡದಲ್ಲೇ ಹೇಳಿದ್ದೇಕೆಂದರೆ ನನಗೆ ಮರಾಠಿಯಲ್ಲಿ ತರಕಾರಿ ಕೊಳ್ಳಲು ಬರುತ್ತದೆ, ಸಿಟ್ಟು ಮಾಡಲು ಬರುವುದಿಲ್ಲ. ಓದಿ ಹೇಳುವವರು ನಿಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವೇನು ಇವತ್ತು ನಿನ್ನೆ ಬಂದವರಲ್ಲ.

ನಾನು ಸವದತ್ತಿ ಕಡೆಯವಳು. ಗಂಡ ಸಿದ್ದಾರೂಢ ಹಿಂಜವಾಡಿಯಲ್ಲಿ ಕಂಪನಿಯ ಶಟಲ್ ಬಸ್ಸು ಓಡಿಸುತ್ತಾನೆ. ನಾನು ಒಂದು ಕಾಲ್ ಸೆಂಟರಿನಲ್ಲಿ ಕನ್ನಡದ ಗಿರಾಕಿಗಳ ಜೊತೆ ಮಾತಾಡುತ್ತಿದ್ದೆ. ಬಸುರಾದಾಗ ನಿಮ್ಮ ದವಾಖಾನೆಯಲ್ಲಿ ಹೆಸರು ಹಚ್ಚಿಸಿದೆ. ಬುಧವಾರಕ್ಕೊಮ್ಮೆ ಅಲ್ಲಿ ಗರ್ಭಿಣಿಯರಿಗೆ ತರಗತಿ ನಡೆಯುತ್ತದೆ. ಸುಳ್ಳು ಹೇಳಬಾರದು, ತರಗತಿ ಚೆನ್ನಾಗಿತ್ತು. ಫ್ಯಾನು ತಿರುಗುತ್ತಿತ್ತು. ನರ್ಸ್ ಬಾಯಿ ದೊಡ್ಡ ದೊಡ್ಡ ಚಿತ್ರದ ಹಾಳೆ ತಿರುವಿ ತಿರುವಿ ಹೇಳಿದರು: ಹೆರಿಗೆಯ ಮೊದಲು ಮಾತ್ರವಲ್ಲ, ಹೆರಿಗೆಯ ನಂತರವೂ ಬಿ.ಪಿ. ಏರಬಹುದು. ತಲೆ ಸಿಡಿದರೆ, ಕಣ್ಣು ಮಂಜಾದರೆ, ಎದೆಯ ಕೆಳಗೆ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ, ಬಂದುಬಿಡಿ, ಇಲ್ಲದಿದ್ದರೆ ಕೈಕಾಲು ಸೆಟೆದು ಝಟಕೆ ಬರುತ್ತವೆ. ನಾನು ತಲೆಯಾಡಿಸಿದೆ, ಎಲ್ಲರೂ ತಲೆಯಾಡಿಸಿದರು. ಆಮೇಲೆ ನಮ್ಮ ಕೈಗೆ ಒಂದೊಂದು ಶೇಂಗಾ ಚಿಕ್ಕಿ ಕೊಟ್ಟು ಫೋಟೋ ತೆಗೆದರು. ಆ ಫೋಟೋ ನಿಮ್ಮ ಕಚೇರಿಯ ಯಾವುದೋ ವರದಿಯಲ್ಲಿ ಇದ್ದೀತು. ಹಳದಿ ಓಢಣಿಯವಳು ನಾನು. ಜಾಗೃತಳಾದ ತಾಯಿ.

ಅದೇ ಹೊತ್ತಿನಲ್ಲಿ ನನ್ನ ಅವ್ವ ಶಿವಗಂಗವ್ವ ಹೊರಗೆ ತಗಡಿನ ಚಪ್ಪರದ ಕೆಳಗೆ ಚಪ್ಪಲಿಗಳ ಪಕ್ಕ ಕುಳಿತಿದ್ದಳು. ನನಗೆ ಅತ್ತೆಯಿಲ್ಲ. ಬಾಣಂತನ ಮಾಡಲೆಂದೇ ಅವ್ವ ಊರಿನಿಂದ ರಾತ್ರಿ ಬಸ್ಸು ಹತ್ತಿ ಕಾತ್ರಜದಲ್ಲಿ ಇಳಿದು ಬಂದಿದ್ದಳು. ನನ್ನ ಹಿಂದೆಯೇ ತರಗತಿಯ ಬಾಗಿಲಿಗೂ ಬಂದಳು. ಬಾಗಿಲಲ್ಲಿದ್ದ ಹೆಂಗಸು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದಳು: ಗರ್ಭಿಣಿಯರು ಮಾತ್ರ, ಸಂಬಂಧಿಕರು ಹೊರಗೆ ನಿಲ್ಲಬೇಕು. ಅವ್ವನಿಗೆ ಓದು ಬಾರದೆಂದು ಬಾಯಲ್ಲೂ ಹೇಳಿದಳು, "ಆಜೀ, ಬಾಹೇರ ಬಸಾ." ಅವ್ವ ನಕ್ಕು, "ಬಸುರಿ ಅಲ್ಲವಾ ನಾ, ನನಗ್ಯಾಕ ಸಾಲಿ? ನೀ ಹೋಗ," ಎಂದು ಹೊರಗೆ ಕುಳಿತಳು.

ಇಲ್ಲಿ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹೆತ್ತಿರಬೇಕಲ್ಲ? ಹೆತ್ತ ಮೇಲೆ ಆ ಕೋಣೆಯಲ್ಲಿ ನಡೆಯುವುದು ಯಾರ ಮಾತು? ಬಾಣಂತಿಯದೇ? ಬಾಣಂತಿ ಎಂದರೆ ಕಿವಿಗೆ ಹತ್ತಿ ತುರುಕಿಸಿಕೊಂಡು, ತಲೆಗೆ ಅರಿವೆ ಕಟ್ಟಿಸಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿರುವ ಒಂದು ಜೀವ. ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು, ಯಾವಾಗ ಎರಕೊಳ್ಳಬೇಕು, ಯಾರು ಒಳಗೆ ಬರಬೇಕು ಎಲ್ಲವನ್ನೂ ತೀರ್ಮಾನಿಸುವವಳು ಬಾಣಂತನ ಮಾಡುವವಳು. ಗಂಡನೂ ಅಲ್ಲ. ನಮ್ಮದು ಒಂದೇ ಕೋಣೆಯ ಮನೆ. ಸಿದ್ದಾರೂಢನನ್ನು ಅವ್ವ ಮೊದಲ ದಿನವೇ ಹೊರಗೆ ಹಾಕಿದಳು. ಅವನು ಇನ್ನೊಬ್ಬ ಡ್ರೈವರನ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಹಾಲು ತಂದು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದ. ಅಂಥ ರಾಜ್ಯದಲ್ಲಿ ನೀವು ಪಾಠ ಹೇಳಿದ್ದು ಯಾರಿಗೆ? ಮಾತಿಗೆ ಕಾಸಿನ ಬೆಲೆಯೂ ಇಲ್ಲದ ಒಬ್ಬಳಿಗೆ. ಹೊರಗೆ ಕೂರಿಸಿದ್ದು ಯಾರನ್ನು? ಆ ರಾಜ್ಯದ ದೊರೆಯನ್ನು.

ನಮ್ಮ ಕಾಲ್ ಸೆಂಟರಿನಲ್ಲಿ ಹೊಸಬರಿಗೆ ಮೊದಲ ದಿನ ಕಲಿಸುವುದು ಇದನ್ನೇ. ಫ್ರಿಜ್ಜಿನ ವಾರಂಟಿ ಮಾರಬೇಕಿದ್ದರೂ ಮೊದಲು ಕೇಳಬೇಕು: "ಮನೆಯಲ್ಲಿ ಇದನ್ನು ತೀರ್ಮಾನ ಮಾಡೋರು ನೀವೇನಾ ಮೇಡಂ, ಇಲ್ಲ ಬೇರೆಯವರಾ?" ಬೇರೆಯವರು ಎಂದರೆ ಅವರಿಗೇ ಫೋನು ಕೊಡಿಸಬೇಕು. ಫ್ರಿಜ್ಜು ಮಾರುವವರಿಗೆ ಗೊತ್ತಿರುವ ಈ ಸಣ್ಣ ಬುದ್ಧಿ ಜೀವ ಉಳಿಸಲು ಹೊರಟ ನಿಮ್ಮ ಇಲಾಖೆಗೆ ಯಾಕೆ ಹೊಳೆಯಲಿಲ್ಲ? ಹೆಸರು ಹಚ್ಚುವಾಗ ನನ್ನ ಗಂಡನ ಹೆಸರು ಕೇಳಿದಿರಿ, ಆಧಾರ್ ಕೇಳಿದಿರಿ, ಬ್ಯಾಂಕಿನ ಖಾತೆ ಕೇಳಿದಿರಿ, ಮನೆಯಲ್ಲಿ ಶೌಚಾಲಯ ಇದೆಯೇ ಎಂದೂ ಕೇಳಿದಿರಿ. ಬಾಣಂತನ ಯಾರು ಮಾಡುತ್ತಾರೆ ಎಂದು ಒಬ್ಬರಾದರೂ ಕೇಳಿದಿರಾ?

ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣು ಮಗು. ಮನೆಗೆ ಬಂದೆವು. ಅಂಟಿನ ಉಂಡಿ, ಬಜೆ, ಒಣಶುಂಠಿ, ಲೋಬಾನದ ಹೊಗೆ. ಅವ್ವ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ನಿಮ್ಮ ಆಶಾ ಕಾರ್ಯಕರ್ತೆಯೂ ಬಂದಿದ್ದಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೊರಗಿನ ಗಾಳಿಯಲ್ಲಿ ತಿರುಗಿ ಬಂದವರನ್ನು ಹಸಿ ಬಾಣಂತಿಯ ಹತ್ತಿರ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಬಾಗಿಲಲ್ಲೇ ನಿಂತು, "ಮಲಗ್ಯಾಳ್ರಿ, ಆರಾಮ್ ಅದಾಳ," ಎಂದು ಕೈಸನ್ನೆ ಮಾಡಿದಳು. ಅವಳು "ಸಗಳಂ ಠೀಕ?" ಎಂದು, ಎಲ್ಲ ಸರಿಯಿದೆಯೇ ಎಂದು, ಕೇಳಿದಳು, ಅವ್ವ ತಲೆಯಾಡಿಸಿದಳು, ಅವಳು ಹೋದಳು. ನಿಮ್ಮ ಬಾಗಿಲಲ್ಲಿ ನೀವು ಅವ್ವನನ್ನು ನಿಲ್ಲಿಸಿದಿರಿ, ನಮ್ಮ ಬಾಗಿಲಲ್ಲಿ ಅವ್ವ ನಿಮ್ಮವಳನ್ನು ನಿಲ್ಲಿಸಿದಳು. ಇಬ್ಬರೂ ನಿಯಮ ಪಾಲಿಸಿದಿರಿ. ಒಳಗೆ ನನ್ನ ಬಿ.ಪಿ. ಯಾರಪ್ಪಣೆಗೂ ಕಾಯದೆ ಏರುತ್ತಿತ್ತು.

ಮನೆಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ, ಬೆಳಿಗ್ಗೆ ಎದ್ದರೆ ಹಣೆಯ ಮೇಲೆ ಯಾರೋ ಒರಳು ಇಟ್ಟಂತೆ.

"ಅವ್ವಾ, ತಲಿ ಸಿಡಿಯಾಕತ್ತೈತಿ. ಕಣ್ಣ ಮುಂದ ಚುಕ್ಕಿ ಚುಕ್ಕಿ ಕಾಣಾಕತ್ತಾವು."

"ಗಾಳಿ ಹೊಕ್ಕೈತಿ. ನಿನ್ನೆ ನಾ ನೀರಿಗೆ ಹೋದಾಗ ಕಿಡಕಿ ತಗದಿದ್ದಿ, ಹೌದಲ್ಲ? ನನ್ನ ಕಣ್ಣಿಗೆ ಮಣ್ಣು ಹಾಕಬ್ಯಾಡ."

"ಕಿಡಕಿದಲ್ಲಬೇ. ಆ ನರ್ಸ್ ಬಾಯಿ ಹೇಳ್ಯಾರ, ಹಡದ ಮ್ಯಾಲ ತಲಿನೋವು ಬಂದ್ರ ಕಾಯಬ್ಯಾಡ್ರಿ, ಬಂದಬಿಡ್ರಿ ಅಂತ."

"ಯಾಕಿ ಆಕಿ? ಎಷ್ಟು ಹಡದಾಳ? ನಾ ಐದು ಹಡದೀನಿ, ಎಂಟು ಬಾಣಂತನ ಮಾಡೀನಿ. ಈ ಹಸೀ ಮೈಯಾಗ ನಿನ್ನ ಬಸ್ಸಿನಾಗ ಹೇರಿಕೊಂಡು ಹೋಗಿ ಗಾಳಿಗೆ ಒಡ್ಡಲೇನು? ಸನ್ನಿ ಆಗ್ತೈತಿ, ಸನ್ನಿ!"

ಹಣೆಗೆ ಶುಂಠಿ ತೇಯ್ದು ಹಚ್ಚಿದಳು, ಅರಿವೆಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದಳು. ನಾನು ಸಿದ್ದಾರೂಢನಿಗೆ ಫೋನು ಮಾಡಿದೆ. ಅವನೂ ಪಾಪ, "ಅತ್ತಿ ಏನಂತಾರ?" ಎಂದು ಕೇಳಿದ. ಅತ್ತೆ ಏನೆನ್ನುತ್ತಾಳೆಂದು ಹೇಳಿದೆ. "ಅವರಿಗೆ ಗೊತ್ತಿರತೈತಿ ಬಿಡ, ಸಂಜಿಗೆ ಬರತೀನಿ," ಎಂದ. ದಿನಾ ನೂರು ಜನರ ಜೊತೆ ವಾದಿಸಿ ಹೊಟ್ಟೆ ಹೊರೆಯುತ್ತಿದ್ದವಳು ನಾನು. ಆ ದಿನ ಇಬ್ಬರನ್ನು ಒಪ್ಪಿಸಲಾಗಲಿಲ್ಲ.

ಮಧ್ಯಾಹ್ನದ ಮುಂದಿನದು ನನಗೆ ನೆನಪಿಲ್ಲ, ಕೇಳಿ ತಿಳಿದದ್ದು. ಕೂಸಿಗೆ ಹಾಲು ಕೊಡುತ್ತಿದ್ದಾಗಲೇ ಕೈಕಾಲು ಸೆಟೆದುಕೊಂಡವಂತೆ. ಅವ್ವ ಕೂಸನ್ನು ಕಸಿದುಕೊಂಡು ಕೂಗಿದ್ದಕ್ಕೆ ಪಕ್ಕದ ಮನೆಯ ಭಾಮಾತಾಯಿ ಓಡಿಬಂದು ಕ್ಯಾಬ್ ತರಿಸಿದಳಂತೆ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕ್ಯಾಬ್ ನಿಂತಲ್ಲೇ ನಿಂತಾಗ ಅವ್ವ ಇಳಿದು ಮುಂದಿನ ಕಾರುಗಳ ಗಾಜನ್ನು ಕೈಯಿಂದ ಬಡಿದು ಬಡಿದು ದಾರಿ ಕೇಳಿದಳಂತೆ, ಕನ್ನಡದಲ್ಲಿ. ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಉಳಿಸಿದರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ನನ್ನ ಮಗಳು ನಾನು ಆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಹೇಗಿದ್ದಳು ಎಂಬುದು ನನ್ನ ತಲೆಯಿಂದ ಅಳಿಸಿಹೋಗಿದೆ. ಅದನ್ನು ಯಾವ ಆಸ್ಪತ್ರೆಯೂ ವಾಪಸು ಕೊಡುವುದಿಲ್ಲ.

ಅಲ್ಲಿ ಒಬ್ಬ ಡಾಕ್ಟರು ವಾರ್ಡಿನ ನಡುವೆ ಅವ್ವನನ್ನು ನಿಲ್ಲಿಸಿಕೊಂಡು ಬೈದರಂತೆ. ಅಷ್ಟು ತಲೆನೋವಿದ್ದರೂ ಮನೆಯಲ್ಲಿಟ್ಟುಕೊಂಡಿರಾ, ಅಡಾಣಿ ಜನ, ನಿಮ್ಮ ಕೈಯಿಂದಲೇ ಮಗಳನ್ನು ಕೊಲ್ಲುತ್ತಿದ್ದಿರಿ, ಎಂದು. ಅವ್ವನಿಗೆ ಮರಾಠಿ ಬಾರದು, ಆದರೆ ಅಡಾಣಿ ಎಂದರೆ ತಿಳಿಗೇಡಿ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೆ ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು:

"ಅಡಾಣಿ ಅಂದಿದ್ದು ನನಗ, ಹೌದಲ್ಲ?"

ಕೂಸೆಲ್ಲಿ ಎಂದು ಕೇಳಿ ಮಾತು ತಿರುಗಿಸಲು ನೋಡಿದೆ.

"ಖರೆ ಐತಿ ಬಿಡ. ಆದ್ರ ಅವತ್ತು ನಾ ಅಲ್ಲೇ ಇದ್ನೆಲ್ಲವಾ, ಬಾಗಲದಾಗ. ಒಳಗ ಕರದಿದ್ರ ಬಂದು ನೆಲದ ಮ್ಯಾಲರ ಕುಂದರತಿದ್ದೆ. ನನಗ ಯಾರ ಹೇಳಿದ್ರು?"

ಮಾನ್ಯರೇ, ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದೆಯೇ? ನನ್ನ ಅವ್ವ ಹೆದರದವಳಲ್ಲ. ಅವಳ ಓಣಿಯಲ್ಲಿ ಒಬ್ಬ ಬಾಣಂತಿ ಕೈಕಾಲು ಸೆಟೆದು ಸತ್ತದ್ದನ್ನು ಕಣ್ಣಾರೆ ಕಂಡವಳು. ಅದಕ್ಕೆ ಅವರು ಇಟ್ಟ ಹೆಸರು ಸನ್ನಿ. ನೀವು ಝಟಕೆ ಎನ್ನುವುದನ್ನೇ ಅವಳು ಸನ್ನಿ ಎನ್ನುತ್ತಾಳೆ. ಕಿಟಕಿ ಮುಚ್ಚಿದ್ದು, ಅರಿವೆ ಕಟ್ಟಿದ್ದು, ಹೊರಗಿನವರನ್ನು ತಡೆದದ್ದು ಎಲ್ಲವೂ ಆ ಹೆದರಿಕೆಗೆ. ನಿಮಗಿಂತ ಹೆಚ್ಚು ಹೆದರಿದ್ದವಳು ಅವಳು. ಆ ಹೆದರಿಕೆ ಗಾಳಿಯ ಕಡೆ ಮುಖ ಮಾಡಿತ್ತು, ಅದನ್ನು ಬಿ.ಪಿ. ಕಡೆ ತಿರುಗಿಸಲು ಎರಡು ಮಾತು ಸಾಕಿತ್ತು: "ಅವ್ವಾರ, ತಲಿನೋವು ಅಂದ್ರ ಸನ್ನಿ ಬರೋ ಮುಂಚಿನ ಸುದ್ದಿ ಅದು." ಇಷ್ಟು ಹೇಳಿದ್ದರೆ ಅವಳು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡಾದರೂ ನಿಮ್ಮ ದವಾಖಾನೆಗೆ ಓಡಿಬರುತ್ತಿದ್ದಳು. ಹೇಳಬೇಕಾದಾಗ ಹೊರಗೆ ಕೂರಿಸಿ, ಆಮೇಲೆ ತಿಳಿದಿಲ್ಲವೆಂದು ಬೈಯುವುದು ಯಾವ ಸೀಮೆಯ ಆರೋಗ್ಯ ಶಿಕ್ಷಣ?

ಈಗ ಇಂದೂನ ಮಾತಿಗೆ ಬರುತ್ತೇನೆ. ಅವಳೂ ಇಲ್ಲೇ, ನಾಲ್ಕು ಓಣಿ ಆಚೆ ಇದ್ದಾಳೆ. ತುಂಬು ಬಸುರಿ. ಬಾಣಂತನಕ್ಕೆ ಅವ್ವನ ಬಿಟ್ಟರೆ ಯಾರೂ ಇಲ್ಲ. ಆದರೆ ಅವ್ವ ಈಗ ಒಲ್ಲೆ ಎನ್ನುತ್ತಾಳೆ. "ಒಬ್ಬಾಕಿನ್ನ ಕೊಂದಂಗ ಮಾಡೀನಿ, ಇನ್ನೊಬ್ಬಾಕಿ ಬ್ಯಾಡ. ದುಡ್ಡು ಕೊಟ್ಟು ಯಾರನ್ನರ ಇಟಗೋರಿ," ಎಂದಳು. ಇಂದೂ ಅತ್ತಳು, ಬೈದಳು, "ನೀ ಮಾಡದಿದ್ರ ನಾ ಹಡಿಯೋದಽ ಇಲ್ಲ ನೋಡ," ಎಂದು ಹೆದರಿಸಿದಳು. ಅದಕ್ಕೆ ಅವ್ವನೂ ನಕ್ಕಳು, "ಹೊಟ್ಯಾಗಽ ಇಟಗೊಂಡು ಸಾಲಿಗೆ ಕಳಸ್ತೀ ಏನ?" ಎಂದು. ಕಡೆಗೆ ಒಂದು ಷರತ್ತಿಗೆ ಒಪ್ಪಿದಳು: "ಆ ನರ್ಸ್ ಬಾಯಿ ಹೇಳೂದನ್ನ ನಾ ನನ್ನ ಕಿವಿಲೆ ಕೇಳಬೇಕು. ನೀವು ಹೇಳಿದ್ದು ಬ್ಯಾಡ. ನಿಮ್ಮ ಮಾತು ನಾ ಮತ್ತ ತಗದ ಹಾಕ್ತೀನಿ, ನನ್ನ ಗುಣ ನನಗ ಗೊತ್ತೈತಿ."

ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಯಾವ ಅಧಿಕಾರಿಯ ಬಾಯಿಂದಲೂ ಕೇಳಿಲ್ಲ. ಕ್ಷಮಿಸಿ.

ಹೋದ ಬುಧವಾರ ಅವ್ವ ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಇಂದೂನ ಜೊತೆ ಹೋದಳು. ನಾನೂ ಕೂಸನ್ನೆತ್ತಿಕೊಂಡು ಹೋದೆ, ಮಾತಾಡಿ ಒಪ್ಪಿಸಲೆಂದು. ಅದೇ ಬಾಗಿಲು, ಅದೇ ಹೆಂಗಸು, "ಆಜೀ, ಬಾಹೇರ." ನಾನು ನನಗೆ ಬರುವಷ್ಟು ಮರಾಠಿಯಲ್ಲಿ ಎಲ್ಲ ಹೇಳಿದೆ. ಜಾಗವಿಲ್ಲ ಎಂದರು. ಒಳಗೆ ಆರು ಕುರ್ಚಿ ಖಾಲಿಯಿದ್ದವು. ಬೇರೆ ಹೆಂಗಸರಿಗೆ ಸಂಕೋಚ ಎಂದರು. ತಪಾಸಣೆಯ ಕೋಣೆಯಲ್ಲಿ ಸಂಕೋಚ ನಿಜ, ಅಲ್ಲಿ ಯಾರನ್ನೂ ಬಿಡಬೇಡಿ. ತಲೆನೋವಿನ ಚಿತ್ರ ನೋಡಲು ಎಂಥ ಸಂಕೋಚ? ವಿಡಿಯೋ ಇದೆ, ಫೋನಿನಲ್ಲಿ ನೋಡಲಿ ಎಂದರು. ಅವ್ವನ ಫೋನಿನಲ್ಲಿ ಗುಂಡಿ ಒತ್ತಿದರೆ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ಮೇಲಿನಿಂದ ಆದೇಶ ಬೇಕು ಎಂದರು ಕಡೆಗೆ. ಆ ಮೇಲಿನವರು ನೀವೇ ಎಂದು ತಿಳಿದು ನಿಮ್ಮ ದೂರಿನ ನಂಬರಿಗೆ ಫೋನು ಮಾಡಿದೆ. ಮರುದಿನ ಸಂದೇಶ ಬಂತು, ನಿಮ್ಮ ದೂರು ಪರಿಹಾರವಾಗಿದೆ ಎಂದು. ಹೀಗೆ ಪರಿಹರಿಸುವುದು ನನಗೂ ಗೊತ್ತು. ಅದೇ ಕೆಲಸ ಮಾಡಿದವಳು ನಾನು.

ಅವ್ವ ಆ ದಿನವೇ ತನ್ನ ಚೀಲ ಹೊರಗೆ ತೆಗೆದಳು. ಬರುವ ಗುರುವಾರ ಊರಿನ ಬಸ್ಸು ಹತ್ತುತ್ತೇನೆ ಎಂದು ಸೀರೆಗಳನ್ನು ಮಡಿಸಿಟ್ಟಿದ್ದಾಳೆ. ಅವಳು ಹೋದರೆ ಇಂದೂ ಹೆತ್ತ ಮೇಲೆ ಮನೆಯಲ್ಲಿ ಯಾರೂ ಇರುವುದಿಲ್ಲ. ಪಾಠ ಕೇಳದೆ ಇಲ್ಲೇ ಉಳಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ.

ಆದ್ದರಿಂದ ಬೇಡಿಕೆ ಇಷ್ಟು. ಹೆಸರು ಹಚ್ಚುವಾಗ ಬಾಣಂತನ ಯಾರು ಮಾಡುತ್ತಾರೆಂದು ಕೇಳಿ. ಅತ್ತೆಯೋ ಅವ್ವನೋ ಅಕ್ಕನೋ ಕೂಲಿಯವಳೋ, ಯಾರು ಮಾಡುತ್ತಾರೋ ಅವರನ್ನು ಬಸುರಿಯ ಪಕ್ಕದಲ್ಲಿ ಕೂರಿಸಿ ಪಾಠ ಹೇಳಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ, ಉದ್ಘಾಟನೆಯೂ ಬೇಡ. ಊರಿಗೆಲ್ಲ ಇದನ್ನು ಮಾಡಲು ನಿಮಗೆ ಸಭೆಗಳು ಬೇಕಾಗಬಹುದು, ಮಾಡಿಕೊಳ್ಳಿ. ಆದರೆ ಈ ಬುಧವಾರ ಶಿವಗಂಗವ್ವ ಎಂಬ ಒಬ್ಬ ಹೆಂಗಸು ನಿಮ್ಮ ದವಾಖಾನೆಗೆ ಬರುತ್ತಾಳೆ. ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಅವಳನ್ನು ಒಳಗೆ ಬಿಡಿ. ಅವಳು ವಾದ ಮಾಡುತ್ತಾಳೆ, ಎಷ್ಟು ಹಡೆದಿದ್ದೀ ಎಂದು ನರ್ಸ್ ಬಾಯಿಯನ್ನು ಕೇಳಿಯೇ ಕೇಳುತ್ತಾಳೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ತರಗತಿಗೇ ತಿರುಗಿ ಪಾಠ ಹೇಳುತ್ತಾಳೆ. ಸೈರಿಸಿಕೊಳ್ಳಿ. ಮನೆಯಲ್ಲಿ ನಾನು ಸೋತ ವಾದವನ್ನು ಅಲ್ಲಿ ನಿಮ್ಮವರು ಗೆಲ್ಲಬೇಕು. ಗೆದ್ದರೆ ಅವಳು ಗುರುವಾರದ ಬಸ್ಸು ಹತ್ತುವುದಿಲ್ಲ.

ಇಂತಿ,
ಎಲ್ಲ ಪಾಠವನ್ನೂ ಕಲಿತು ಯಾವುದನ್ನೂ ನಡೆಸಲಾಗದ
ಶಿವಗಂಗವ್ವನ ಹಿರಿಮಗಳು, ಹಿಂಜವಾಡಿ