ವಿಮಾನದಲ್ಲೂ ನಿನ್ನ ಟವೆಲು

ಅಪ್ಪಾ,

ಡೇರಿಗೆ ಹಾಲು ಹಾಕಿಯೇ ಅಮ್ಮ ದೊಡ್ಡ ಪ್ರಶಸ್ತಿ ಗೆದ್ದಳು! ಅದನ್ನು ತಗೊಳ್ಳಲು ಇವತ್ತು ನಾವಿಬ್ಬರೂ ವಿಮಾನದಲ್ಲಿ ದೆಹಲಿಗೆ ಬಂದೆವು. ಬೆಂಗಳೂರಿನಿಂದ ಸಾವಿರದ ಏಳುನೂರು ಕಿಲೋಮೀಟರ್. ನೀನು ಕೆಲಸಕ್ಕೆಂದು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರು ಮುಟ್ಟುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಅಷ್ಟೇ ಹೊತ್ತು!

ವಿಮಾನ ಹತ್ತಿದ್ದೇ ತಡ, ಅಮ್ಮ ಜನರನ್ನು ತಳ್ಳಿಕೊಂಡು ಓಡಿ, ನೀನು ತೀರಿಕೊಂಡ ಮೇಲೆ ಯಾರಿಗೂ ಕೊಡದ ನಿನ್ನ ಟವೆಲನ್ನು ಕಿಟಕಿ ಸೀಟಿಗೆ ಎಸೆದಳು, ರೈಲಿನಲ್ಲಿ ನೀನು ಎಸೆಯುತ್ತಿದ್ದ ಹಾಗೇ.

"ಇಲ್ಲಿ ಸೀಟಿಗೆ ನಂಬರ್ ಇರುತ್ತಮ್ಮ" ಎಂದೆ.

"ಇರ್ಲಿ ಬಿಡೇ, ಇಡ್ದಿದ್ದಾಯ್ತಲ್ಲ!"

ನೋಡಿದರೆ, ಅದು ನಮ್ಮದೇ ಸೀಟು!

ನಮ್ಮಿಬ್ಬರ ನಡುವಿನ ಸೀಟು ಖಾಲಿಯಿತ್ತು. ಹಿಂದಿನ ಸಾಲಿನ ಯಾರೋ ತಮ್ಮ ಸೀಟು ಬಿಟ್ಟು ಅಲ್ಲಿ ಕೂರಲು ಬಂದರು. ಅಮ್ಮ ಟವೆಲನ್ನು ಅದರ ಮೇಲೆ ಹಾಸಿ, "ಇಲ್ಲಿ ಜನ ಅವ್ರೆ" ಎಂದಳು.

ದೆಹಲಿ ಬರುವವರೆಗೂ ತೆಗೆಯಲಿಲ್ಲ.