ಡಿಕ್ಕಿಯಲ್ಲಿದ್ದ ಪೆಟ್ಟಿಗೆ

ತ್ಸಂದರೇಯ್,
ಜನವರಿ 29, ಗುರುವಾರ

ಪ್ರಿಯ ತಿಬಿ,

ಹೀಗೆ ಕರೆದು ಹದಿನಾಲ್ಕು ತಿಂಗಳಾಯಿತು. ವಕೀಲರ ವಿಚ್ಛೇದನದ ಕಾಗದಗಳಲ್ಲಿ ನೀನು ಬರೀ ‘ಪ್ರತಿವಾದಿ’. ಇದು ಅಂಥ ಕಾಗದವಲ್ಲ, ಗಾಬರಿಯಾಗಬೇಡ. ಕೂತು ಓದು.

ಡಿಸೆಂಬರ್ ಮೊದಲ ವಾರ ನೀನು ಬಂದು ನನ್ನ ಕಾರಿಗೆ ಚಳಿಗಾಲದ ಟೈರು ಹಾಕಿದೆಯಲ್ಲ, ನಾನು ಮೇಲಿನ ಕಿಟಕಿಯಿಂದ ನೋಡುತ್ತಲೇ ಇದ್ದೆ, ಕೆಳಗಿಳಿಯಲಿಲ್ಲ. ನೀನು ಹೋದ ಮೇಲೆ ಡಿಕ್ಕಿ ತೆಗೆದರೆ ಆ ಮರದ ಪೆಟ್ಟಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಲಗುವ ಚೀಲ, ಮಡಚುವ ಸಲಿಕೆ, ಮರಳಿನ ಗಂಟು, ದಪ್ಪ ಮೇಣದಬತ್ತಿ, ಅದನ್ನು ಹಚ್ಚಿಡಲು ಖಾಲಿ ಟೀ ಡಬ್ಬ, ಸಕ್ಕರೆ ಗಟ್ಟಿಗಳು, ನಿನ್ನದೇ ಉಣ್ಣೆ ಕಾಲುಚೀಲ. ಇಪ್ಪತ್ತೆರಡು ವರ್ಷ ಹಿಮ ಬಿದ್ದಾಗಲೆಲ್ಲ ನನ್ನನ್ನು ಒಂಟಿಯಾಗಿ ಬಿಟ್ಟು ಊರವರ ರಸ್ತೆಯ ಹಿಮ ತೆಗೆಯಲು ಹೋದವನು ಈಗ ಪೆಟ್ಟಿಗೆ ತುಂಬಿ ಕೊಡುತ್ತಾನೆ ಅಂದುಕೊಂಡೆ. ತೆಗೆದು ಮನೆಯ ಬಾಗಿಲ ಸಂದಿಯಲ್ಲಿಟ್ಟೆ. ನಿಜ ಹೇಳಿಬಿಡುತ್ತೇನೆ: ಕಳೆದ ಭಾನುವಾರ ಅದು ಮತ್ತೆ ಕಾರಿನಲ್ಲಿದ್ದದ್ದು, ಬರುವಾಗ ನಿಮ್ಮ ರಸ್ತೆ ಇಲಾಖೆಯ ಶೆಡ್ಡಿನಲ್ಲಿ ನಿನ್ನ ಹೆಸರಿಗೆ ವಾಪಸ್ ಬಿಸಾಕಿ ಬರೋಣ ಎಂದು.

ಆ ದಿನ ಗಾಯಕ್ಕೆ ಪಟ್ಟಿ ಬದಲಿಸಬೇಕಾದ ರೋಗಿಯೊಬ್ಬರು ಪಕ್ಕದ ಹಳ್ಳಿಯಲ್ಲಿದ್ದರು. ಎರಡು ದಿನ ಬಿದ್ದ ಹಿಮ ನಿಂತು, ಬೆಳಿಗ್ಗೆ ಆಕಾಶ ಸರಿಯಾಗಿಯೇ ಇತ್ತು. ಕವಲುದಾರಿಯಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದಳು. ಸಾವೇತಾ ಅಂತ ಹೆಸರು, ಎಪ್ಪತ್ತೇಳು ವರ್ಷ. ಮರಿಮಗುವಿನ ಜ್ಞಾನಸ್ನಾನಕ್ಕೆ ಹೊರಟಿದ್ದಳು, ಕಂಕುಳಲ್ಲಿ ಕಾಲು ಕಟ್ಟಿದ ಒಂದು ಜೀವಂತ ಕೋಳಿ. ಹತ್ತಿಸಿಕೊಂಡೆ.

ಆರು ಕಿಲೋಮೀಟರ್ ಹೋಗಿರಲಿಲ್ಲ, ಕ್ರಿವಾತ್ಸ್ ಎದ್ದಿತು. ಆ ಗಾಳಿಯನ್ನು ನಿನಗೆ ನಾನು ಹೇಳಿಕೊಡಬೇಕೇ? ಹೊಲದಲ್ಲಿದ್ದ ಹಿಮವೆಲ್ಲ ಎದ್ದು ಬಂದು ರಸ್ತೆಯ ಮೇಲೆ ಮಲಗಿತು. ಕಾರಿನ ಮೂತಿ ದಿಬ್ಬಕ್ಕೆ ಹೊಕ್ಕು ನಿಂತುಬಿಟ್ಟಿತು. ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಹೆದ್ದಾರಿಯಲ್ಲಿ ನೂರಾರು ವಾಹನ ಸಿಕ್ಕಿಬಿದ್ದಿವೆ, ಕಾಯಿರಿ, ಹಿಮ ತೆಗೆಯುವ ಗಾಡಿ ಬರುತ್ತದೆ ಎಂದರು. ಆಗ ಹನ್ನೊಂದು ಗಂಟೆ.

ಅಜ್ಜಿ ಹೆದರುವವಳಲ್ಲ. “ನಂಗೇನಮ್ಮ, ಊಟಕ್ಕೆ ಲೇಟಾಗತ್ತೆ ಅಷ್ಟೇ. ಆ ಪಾದ್ರಿ ಇದಾನಲ್ಲ, ನಾನು ಬರೋವರೆಗೂ ಮಗೂನ ನೀರಲ್ಲಿ ಹಿಡ್ಕೊಂಡು ನಿಂತಿರ್ತಾನಾ?” ಎಂದು ನಕ್ಕಳು. ಒಂದು ಗಂಟೆಯ ಹೊತ್ತಿಗೆ ಆ ನಗು ನಿಂತಿತು. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ, ಮಾತು ತೊದಲು. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದಳು, ಹಬ್ಬದೂಟಕ್ಕೆಂದು ಹೊಟ್ಟೆ ಖಾಲಿ ಇಟ್ಟಿದ್ದಳು. ನನ್ನ ಔಷಧದ ಚೀಲದಲ್ಲಿ ಗ್ಲೂಕೋಸ್ ಇರಬೇಕಿತ್ತು. ಹಿಂದಿನ ವಾರ ಮುಗಿದದ್ದನ್ನು ತುಂಬಿಸಿರಲಿಲ್ಲ. ಇಪ್ಪತ್ತು ವರ್ಷದ ನರ್ಸ್ ನಾನು. ಇದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಬಾಗಿಲು ಒದ್ದು ತೆರೆದು, ಕಾರನ್ನು ಹಿಡಿದುಕೊಂಡೇ ಹಿಂದೆ ಹೋಗಿ ನಿನ್ನ ಪೆಟ್ಟಿಗೆ ಎಳೆದು ತಂದೆ. ಸಕ್ಕರೆ ಗಟ್ಟಿಯನ್ನು ಒಂದೊಂದಾಗಿ ಅವಳ ಬಾಯಿಗಿಟ್ಟೆ. ಏಳನೆಯದಕ್ಕೋ ಎಂಟನೆಯದಕ್ಕೋ ಕಣ್ಣು ಸರಿಯಾಗಿ ಬಿಟ್ಟು, “ಸಾಕು ಮಗಳೇ, ನಾನೇನು ಕುದುರೇನಾ?” ಎಂದಳು. ನನಗೆ ಅಳು ಬಂತು. ಅವಳಿಗೆ ಕಾಣದ ಹಾಗೆ ಕಿಟಕಿ ಕಡೆ ತಿರುಗಿ ಅತ್ತೆ.

ಪೆಟ್ಟಿಗೆಯ ಮುಚ್ಚಳದ ಒಳಗೆ ನೀನು ಅಂಟಿಸಿದ್ದ ಚೀಟಿಯನ್ನು ಆಗಲೇ ನೋಡಿದ್ದು. ಇಂಜಿನ್ ಹಚ್ಚುವ ಮುಂಚೆ ಹೊಗೆ ಕೊಳವೆಯ ಸುತ್ತ ಹಿಮ ತೆಗೆ. ಗಂಟೆಗೆ ಹತ್ತೇ ನಿಮಿಷ ಹಚ್ಚು. ಮೇಣದಬತ್ತಿ ಉರಿಯುವಾಗ ಕಿಟಕಿ ಒಂದು ಬೆರಳಷ್ಟು ತೆರೆದಿಡು. ಕೊನೆಯಲ್ಲಿ ಗೆರೆ ಎಳೆದು ಬರೆದಿದ್ದೆ: ‘ಹಳ್ಳಿ ಹತ್ತಿರದಲ್ಲೇ ಇದೆ ಅನ್ನಿಸುತ್ತದೆ. ಇಲ್ಲ. ನಡೆಯಬೇಡ.’

ತಿಬಿ, ನಾನು ಆಗಲೇ ಬೂಟಿನ ದಾರ ಬಿಗಿದಿದ್ದೆ. ಗಾಳಿ ಒಂದು ಕ್ಷಣ ಇಳಿದಾಗ ಚರ್ಚಿನ ಗೋಪುರ ಕಂಡಿತ್ತು, ಹತ್ತು ನಿಮಿಷದ ದಾರಿ, ಸಹಾಯ ಕರೆತರುತ್ತೇನೆ ಅಂದುಕೊಂಡಿದ್ದೆ. ಚೀಟಿ ಓದಿ ದಾರ ಸಡಿಲಿಸಿದೆ. ನೀನು ಹೇಳಿದ್ದನ್ನು ನಾನು ಮರುಮಾತಿಲ್ಲದೆ ಕೇಳಿದ್ದು ಬಹುಶಃ ಅದೇ ಮೊದಲು.

ಗಂಟೆಗೊಮ್ಮೆ ಇಳಿದು ಕೊಳವೆ ಬಿಡಿಸಿದೆ. ನಿನ್ನ ಕಾಲುಚೀಲ ಅಜ್ಜಿಯ ಮೊಣಕಾಲಿನವರೆಗೆ ಬಂತು. ಕೋಳಿಯನ್ನು ಮಲಗುವ ಚೀಲದೊಳಗೆ ನಮ್ಮಿಬ್ಬರ ಪಾದದ ಬಳಿ ಬಿಟ್ಟೆವು. ಅಷ್ಟು ಒಳ್ಳೆಯ ಒಲೆ ನಾನು ಕಂಡಿಲ್ಲ. ಬೇರೆ ಕೆಲಸವಿರಲಿಲ್ಲ, ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂತೆವು. ಗಾಳಿ ಬೀಸಿದರೆ ಅದೇ ಬಂತು ಅನ್ನಿಸುವುದು, ಆಮೇಲೆ ಅಲ್ಲ ಎಂದು ಗೊತ್ತಾಗುವುದು. ಅಜ್ಜಿ ಕೇಳಿದಳು, “ಆ ಗಾಡಿ ಓಡಿಸೋನಿಗೂ ಹೆಂಡ್ತಿ ಮಕ್ಕಳು ಇರ್ತಾರೆ ಅಲ್ವಾ? ಭಾನುವಾರ ಬೇರೆ. ಅವಳು ಏನಂತಾಳೋ ಪಾಪ.” ನಾನು ಸಲಿಕೆ ಹಿಡಿದು ಕೊಳವೆ ಬಿಡಿಸಲು ಇಳಿದೆ.

ಅಮ್ಮನ ಮಣ್ಣಿನ ದಿನ ನೀನು ಬರುವ ಹೊತ್ತಿಗೆ ಗುಂಡಿ ಮುಚ್ಚಿಯಾಗಿತ್ತು. ಕೇಸರಿ ಜಾಕೆಟ್ಟಿನಲ್ಲೇ ಬಂದಿದ್ದೆ, ಹುಬ್ಬಿನ ಮೇಲೆ ಹಿಮ. “ಒಂದು ಬಸ್ಸು ಸಿಕ್ಕಾಕೊಂಡಿತ್ತು, ಡೊಯ್ನಾ” ಎಂದೆ. ಅಷ್ಟೇ. ನನಗೆ ಅದು ನೆಪದ ಹಾಗೆ ಕೇಳಿಸಿತು. ಒಂದು ತಿಂಗಳಲ್ಲಿ ನಾನು ಮನೆ ಬಿಟ್ಟೆ. ಆ ಬಸ್ಸಿನಲ್ಲಿ ಎಷ್ಟು ಜನ ಇದ್ದರು, ತಿಬಿ? ನಾನು ಕೇಳಲೇ ಇಲ್ಲ. ಈಗ ಕೇಳುತ್ತಿದ್ದೇನೆ.

ನಾಲ್ಕೂವರೆಗೆ ಹಳದಿ ದೀಪ ಕಂಡಿತು. ಗಾಡಿಯಲ್ಲಿ ನಿನ್ನ ಜೊತೆಗಾರ ನಿಕಾ, ಗಡ್ಡವೆಲ್ಲ ಮಂಜು. “ಅಯ್ಯೋ ಅತ್ತಿಗೆ, ನೀವಾ! ತಿಬಿ ಹೆದ್ದಾರಿ ಕಡೆ ಇದಾನೆ. ನಾವು ಮನೆ ಮುಖ ನೋಡಿ ಎರಡು ದಿನ ಆಯ್ತು. ನನ್ನವಳು ಬಾಗಿಲು ತೆಗೀತಾಳೋ ಇಲ್ವೋ!” ಎಂದು ನಗುತ್ತಲೇ ಸರಪಳಿ ಬಿಗಿದ. ನಿನಗೆ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡೆ; ನಾನೇ ಹೇಳಬೇಕಿತ್ತು. ಅವನ ಹೆಂಡತಿಗೆ ಮಾತ್ರ ಮನೆಗೆ ಬಂದವಳೇ ಫೋನ್ ಮಾಡಿ, ಬಾಗಿಲು ತೆಗಿ, ಮೊದಲು ಸೂಪು ಕೊಡು, ಜಗಳ ಆಮೇಲೆ ಆಡು ಎಂದೆ.

ಅಜ್ಜಿ ಚೆನ್ನಾಗಿದ್ದಾಳೆ. ಪಾದ್ರಿಯೂ ಹಿಮದಲ್ಲಿ ಸಿಕ್ಕಿಕೊಂಡಿದ್ದನಂತೆ, ಹಾಗಾಗಿ ಜ್ಞಾನಸ್ನಾನ ಬುಧವಾರಕ್ಕೆ ಹೋಯಿತು, ನಾನೂ ಹೋಗಿದ್ದೆ. ಅಷ್ಟು ಹೊತ್ತು ಕಾಲು ಬೆಚ್ಚಗಿಟ್ಟ ಕೋಳಿಯನ್ನು ಕುಯ್ಯಲು ಮನಸ್ಸು ಬಾರದೆ ಮಗುವಿನ ಹೆಸರಿಗೆ ಬಿಟ್ಟಿದ್ದಾರೆ.

ಸಕ್ಕರೆ ಮುಗಿದಿತ್ತು, ಮೇಣದಬತ್ತಿ ಅರ್ಧ ಉಳಿದಿತ್ತು. ಎರಡನ್ನೂ ತಂದು ತುಂಬಿಸಿದ್ದೇನೆ. ಗ್ಲೂಕೋಸ್ ಕೂಡ.

ಇಂತಿ,
ಡೊಯ್ನಾ

ತಾ.ಕ.: ಮಾರ್ಚ್ ನಾಲ್ಕಕ್ಕೆ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ವಕೀಲರಿಗೆ ಇವತ್ತು ಹೇಳಿದೆ. ಇದರರ್ಥ ವಾಪಸ್ ಬರುತ್ತೇನೆ ಎಂದಲ್ಲ, ಈಗಲೇ ಹಿಗ್ಗಬೇಡ. ಈ ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ. ಹಿಮ ಬಿದ್ದರೆ ಮೊದಲು ರಸ್ತೆ ತೆಗೆದು ಬಾ. ಎಷ್ಟೇ ತಡವಾಗಲಿ, ಬಿಸಿ ಮಾಡಿ ಬಡಿಸುತ್ತೇನೆ.